ಎಐ ಗದ್ದಲದ ನಡುವೆ ನಿಮ್ಮ ಪಾಡ್‌ಕಾಸ್ಟ್ ಕೇಳಿಸಬೇಕಾದರೆ

ಲಾಸ್ ಏಂಜಲೀಸ್‌ನಲ್ಲಿ ಇನ್ಸೆಪ್ಷನ್ ಪಾಯಿಂಟ್ ಎಐ ಎಂಬ ಪುಟ್ಟ ಕಂಪನಿಯೊಂದಿದೆ. 2025ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆಗಳಲ್ಲಿ ಬಂದ ಅದರ ಲೆಕ್ಕ ಹೀಗಿತ್ತು: ಕೆಲಸ ಮಾಡುವವರು 8 ಜನ, ಕಾರ್ಯಕ್ರಮಗಳು 5,000ಕ್ಕೂ ಹೆಚ್ಚು, ವಾರಕ್ಕೆ ಹೊರಬೀಳುವ ಸಂಚಿಕೆಗಳು ಸುಮಾರು 3,000, ಒಂದು ಸಂಚಿಕೆಗೆ ತಗಲುವ ಖರ್ಚು ಹೆಚ್ಚೆಂದರೆ 1 ಡಾಲರ್. ಮಾತಾಡುವ ನಿರೂಪಕರೆಲ್ಲ ಯಂತ್ರದ ಸೃಷ್ಟಿ. ಒಂದು ಸಂಚಿಕೆಯನ್ನು 20 ಜನ ಕೇಳಿದರೆ ಸಾಕು, ಹಾಕಿದ ಹಣ ಹುಟ್ಟಿ ಲಾಭವೂ ಬರುತ್ತದೆ.

ಇದು ದೂರದ ಊರಿನ ಸುದ್ದಿ ಎಂದು ಕೂರುವಂತಿಲ್ಲ. ಗೂಗಲ್‌ನ ನೋಟ್‌ಬುಕ್‌ಎಲ್‌ಎಂ 2024ರ ಸೆಪ್ಟೆಂಬರ್‌ನಲ್ಲಿ ಒಂದು ಸೌಲಭ್ಯ ತಂದಿತು. ಯಾವುದೇ ದಾಖಲೆಯನ್ನು ಅದರೊಳಗೆ ಹಾಕಿದರೆ ಇಬ್ಬರು ಕೂತು ಹರಟುತ್ತಿರುವಂಥ ಆಡಿಯೋ ಕೆಲವೇ ನಿಮಿಷಗಳಲ್ಲಿ ಸಿದ್ಧ. 2025ರ ಏಪ್ರಿಲ್‌ನಲ್ಲಿ ಅದು 50ಕ್ಕೂ ಹೆಚ್ಚು ಭಾಷೆಗಳಿಗೆ ಹರಡಿತು, ಅದರಲ್ಲಿ ಕನ್ನಡವೂ ಸೇರಿದೆ. ಬೆಂಗಳೂರಿನ ಸರ್ವಂ ಎಐಯಂಥ ಕಂಪನಿಗಳು ಕನ್ನಡ ಪಠ್ಯವನ್ನು ಓದಿ ಹೇಳುವ ಕೃತಕ ದನಿಗಳನ್ನು ಮಾರುಕಟ್ಟೆಗೆ ಬಿಟ್ಟಿವೆ. ಇತಿಹಾಸ, ಆರೋಗ್ಯ, ಪುರಾಣ, ಷೇರು ಪೇಟೆ, ಯಶಸ್ಸಿನ ಸೂತ್ರಗಳು ಎಂದು ಯಾವ ವಿಷಯ ಹುಡುಕಿದರೂ ಮುಖವಿಲ್ಲದ, ಊರಿಲ್ಲದ ಕನ್ನಡ ದನಿಯೊಂದು ಯೂಟ್ಯೂಬಿನಲ್ಲಿ ಎದುರಾಗುತ್ತದೆ.

ಹಾಗಾದರೆ ಕೋಣೆಯೊಂದರಲ್ಲಿ ಮೈಕ್ ಇಟ್ಟುಕೊಂಡು, ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಕೂತು ಸಂಕಲನ ಮಾಡುವ ಕನ್ನಡದ ಪಾಡ್‌ಕಾಸ್ಟರ್ ಏನು ಮಾಡಬೇಕು? ಸಂಖ್ಯೆಯಲ್ಲಿ, ವೇಗದಲ್ಲಿ, ಖರ್ಚಿನಲ್ಲಿ ಯಂತ್ರದ ಜೊತೆ ಸ್ಪರ್ಧಿಸುವುದು ವ್ಯರ್ಥ. ನನ್ನ ಮಟ್ಟಿಗೆ ದಾರಿ ಒಂದೇ. ಯಂತ್ರ ಬಲ್ಲದ್ದು ಯಾರೋ ಎಲ್ಲೋ ಬರೆದಿಟ್ಟದ್ದನ್ನು, ಅಂತರ್ಜಾಲಕ್ಕೆ ಏರಿಸಿದ್ದನ್ನು. ಕನ್ನಡದಲ್ಲಿ ಬರೆದಿಟ್ಟದ್ದಕ್ಕಿಂತ ಬಾಯಲ್ಲಿ ಉಳಿದದ್ದು ಬಹಳ ಹೆಚ್ಚು. ಜಾಲದಲ್ಲಿ ಪಠ್ಯ ಕಡಿಮೆ ಎಂದು ನಾವು ಕೊರಗುತ್ತೇವಲ್ಲ, ಆ ಕೊರತೆಯೇ ಇವತ್ತು ಕನ್ನಡದ ಪಾಡ್‌ಕಾಸ್ಟರ್‌ಗೆ ಬಂಡವಾಳ. ಬರೆದಿಡದ್ದನ್ನು ಹುಡುಕಿಕೊಂಡು ಹೋಗುವವರ ದನಿ ಕೇಳಿಸುತ್ತದೆ, ಬರೆದಿಟ್ಟದ್ದನ್ನು ಮತ್ತೆ ಓದುವವರ ದನಿ ಗದ್ದಲದಲ್ಲಿ ಕರಗಿಹೋಗುತ್ತದೆ.

ಯಾವುದನ್ನು ಬಿಡಬೇಕು

ಮೊದಲು ನಿಮ್ಮ ಮುಂದಿನ ಸಂಚಿಕೆಗಳ ಪಟ್ಟಿ ತೆಗೆಯಿರಿ. ಒಂದೊಂದರ ಎದುರಿಗೂ ಕೇಳಿಕೊಳ್ಳಿ: ಇದನ್ನು ಮನೆಯಿಂದ ಹೊರಗೆ ಕಾಲಿಡದೆ, ಯಾರಿಗೂ ಫೋನ್ ಮಾಡದೆ, ನಾಲ್ಕು ಜಾಲತಾಣ ಓದಿ ಮಾಡಬಹುದೇ? ಹೌದು ಎಂದಾದರೆ ಅದನ್ನು ಯಂತ್ರವೂ ಮಾಡುತ್ತದೆ. ಹಂಪಿಯ ಇತಿಹಾಸ ಹತ್ತು ನಿಮಿಷದಲ್ಲಿ, ಮಧುಮೇಹಕ್ಕೆ ಏಳು ಸಲಹೆ, ಪ್ರಸಿದ್ಧ ಇಂಗ್ಲಿಷ್ ಪುಸ್ತಕದ ಸಾರಾಂಶ, ದಿನಕ್ಕೊಂದು ಪ್ರೇರಣೆಯ ಮಾತು ಇವೆಲ್ಲ ಆ ಪಟ್ಟಿಯಿಂದ ಹೊರಡಲಿ.

ವಿಷಯವನ್ನೇ ಬಿಡಬೇಕೆಂದಲ್ಲ, ಅದನ್ನು ಹಿಡಿಯುವ ಬಗೆ ಬದಲಾಗಬೇಕು. ಹಂಪಿಯ ಬಗ್ಗೆಯೇ ಮಾಡಿ. ಆದರೆ ಅಲ್ಲಿ ಮೂವತ್ತು ವರ್ಷದಿಂದ ಮಾರ್ಗದರ್ಶಿಯಾಗಿ ದುಡಿದವರನ್ನು ಹುಡುಕಿ, ಪ್ರವಾಸಿಗರು ಕೇಳುವ ಪ್ರಶ್ನೆಗಳು ಈ ಅವಧಿಯಲ್ಲಿ ಹೇಗೆ ಬದಲಾದವು ಎಂದು ಕೇಳಿ. ಮಧುಮೇಹದ ಬಗ್ಗೆ ಮಾಡುವುದಾದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರೊಬ್ಬರನ್ನು ಕೂರಿಸಿಕೊಂಡು, ರಾಗಿಮುದ್ದೆಯ ಸೀಮೆಯಲ್ಲಿ ರೋಗಿಗಳು ಊಟದ ಬಗ್ಗೆ ಏನೇನು ತಪ್ಪು ತಿಳಿದುಕೊಂಡು ಬರುತ್ತಾರೆ ಎಂದು ವಿಚಾರಿಸಿ. ವಿಷಯ ಹಳೆಯದೇ, ಸಿಗುವ ಉತ್ತರ ಮಾತ್ರ ಇನ್ನೆಲ್ಲೂ ಇಲ್ಲದ್ದು.

ಕಾಲು ಸವೆಸಿದರೆ ಸಿಗುವುದು

2017ರಲ್ಲಿ ಅಮೆರಿಕದಲ್ಲಿ ಶುರುವಾದ ‘ಇಯರ್ ಹಸಲ್’ ಪಾಡ್‌ಕಾಸ್ಟ್ ತಯಾರಾದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿನೊಳಗೆ. ಅಲ್ಲಿ ಸ್ವಯಂಸೇವಕಿಯಾಗಿದ್ದ ಕಲಾವಿದೆ ನೈಜೆಲ್ ಪೂರ್, ಅಲ್ಲೇ ಶಿಕ್ಷೆ ಅನುಭವಿಸುತ್ತಿದ್ದ ಅರ್ಲಾನ್ ವುಡ್ಸ್ ಜೊತೆಯಾಗಿ ಅದನ್ನು ನಡೆಸಿದರು. ಇಬ್ಬರು ಅಪರಿಚಿತರು ಒಂದೇ ಸಣ್ಣ ಕೋಣೆಯಲ್ಲಿ ಹೇಗೆ ಬದುಕುತ್ತಾರೆ, ಜೈಲಿನಲ್ಲಿ ಸಾಕುಪ್ರಾಣಿ ಇಟ್ಟುಕೊಳ್ಳುವುದು ಹೇಗೆ ಎಂಬಂಥ ಸಣ್ಣ ಸಂಗತಿಗಳೇ ಅದರ ಸಂಚಿಕೆಗಳು. ಜಗತ್ತಿನೆಲ್ಲೆಡೆ ಜನ ಕೇಳಿದರು. ಆ ಗೋಡೆಯೊಳಗಿನ ಮಾತು ಬೇರೆಲ್ಲೂ ಸಿಗುತ್ತಿರಲಿಲ್ಲ.

ನಮ್ಮಲ್ಲಿ ಅಂಥ ಗೋಡೆಗಳು, ಅಂಥ ಮಾತುಗಳು ಎಷ್ಟಿಲ್ಲ? ಶರಾವತಿ ಹಿನ್ನೀರಿನ ಕಡೆ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರುಗಳು ಮುಳುಗಿದವು, ಜನ ಚದುರಿದರು. ಉಳಿದ ಕರೂರು ಸೀಮೆಯವರು ಸಾಗರ ಪೇಟೆಗೆ ಬರಲು ದಶಕಗಟ್ಟಲೆ ಲಾಂಚ್ ನೆಚ್ಚಿಕೊಂಡರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಸೇತುವೆ ಎಷ್ಟು ಉದ್ದ, ಎಷ್ಟು ಕೋಟಿ ರೂಪಾಯಿ ಆಯಿತು, ಯಾರು ರಿಬ್ಬನ್ ಕತ್ತರಿಸಿದರು ಎಂಬುದನ್ನು ಯಂತ್ರ ಒಂದು ಕ್ಷಣದಲ್ಲಿ ಹೇಳುತ್ತದೆ. ರಾತ್ರಿ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ ಮನೆಯವರು ಏನು ಮಾಡುತ್ತಿದ್ದರು? ಮದುವೆ ದಿಬ್ಬಣ ಕಡೆಯ ಲಾಂಚ್ ತಪ್ಪಿಸಿಕೊಂಡರೆ ಊಟ ಎಲ್ಲಿ, ಮಲಗುವುದು ಎಲ್ಲಿ? ಮುಳುಗಿದ ಊರಿನ ದೇವರನ್ನು ಯಾರು ಹೊತ್ತು ತಂದರು? ಇದನ್ನು ಹೇಳಬಲ್ಲವರು ಇನ್ನೂ ಇದ್ದಾರೆ. ಅಣೆಕಟ್ಟು ಮುಗಿದಾಗ ಹತ್ತು ವರ್ಷದ ಮಕ್ಕಳಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ.

ಕೋಲಾರ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಅಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಬಂದವರ ದನಿ ಈಗ ಹಿಡಿದುಕೊಳ್ಳದಿದ್ದರೆ ಇನ್ನು ಹತ್ತು ವರ್ಷಕ್ಕೆ ಕೇಳಿದರೂ ಸಿಗದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತು. ಸುದ್ದಿ ವಾಹಿನಿಗಳು ಒಂದು ವಾರ ಅಲ್ಲೇ ಇದ್ದು ಹೊರಟುಹೋದವು. ಕಾಲುವೆಯ ಕೊನೆಯಂಚಿನಲ್ಲಿ ಭತ್ತ ನಾಟಿ ಮಾಡಿ ಕಾದಿದ್ದ ರಾಯಚೂರಿನ ರೈತರ ಆ ವಾರ ಹೇಗೆ ಕಳೆಯಿತು ಎಂದು ಕೂಲಂಕಷವಾಗಿ ಕೇಳಿದವರು ಎಷ್ಟು ಮಂದಿ? ಯಕ್ಷಗಾನ ಮೇಳದ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಾ ಕಲಾವಿದರು ಆಡುವ ಮಾತು, ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜಿನ ಬೆಲೆ ಗೊತ್ತಾಗುವ ಮುನ್ನ ಉಸಿರು ಬಿಗಿಹಿಡಿದ ಕ್ಷಣ, ಇಳಕಲ್ ಸೀರೆ ನೇಯುವ ಮನೆಯೊಳಗಿನ ಮಗ್ಗದ ಸದ್ದು ಹೀಗೆ ನಿಮ್ಮ ಜಿಲ್ಲೆಯಲ್ಲೇ ನಿಮ್ಮ ಪಟ್ಟಿ ಬೆಳೆಯುತ್ತದೆ. ವಿದೇಶದಲ್ಲಿದ್ದರೆ ದುಬೈಗೆ ಮೊದಲು ಹೋದ ಕರಾವಳಿಯವರ ಕಥೆ, ಸಿಲಿಕಾನ್ ವ್ಯಾಲಿಯಲ್ಲಿ ಕನ್ನಡ ಕಲಿ ತರಗತಿ ನಡೆಸುವವರ ಪಾಡು ನಿಮ್ಮ ಕೈಗೆ ಹತ್ತಿರ.

ಇಂಥ ಮಾತು ಹಿಡಿಯಲು ಕೆಲವು ರೂಢಿಗಳನ್ನು ಬೆಳೆಸಿಕೊಳ್ಳಿ. ಮೊದಲ ಭೇಟಿಗೆ ರೆಕಾರ್ಡರ್ ಒಯ್ಯಬೇಡಿ, ಕಾಫಿ ಕುಡಿದು, ಯಾರ ಕಡೆಯವರು ಎಂದು ಪರಿಚಯ ಮಾಡಿಕೊಂಡು ಬನ್ನಿ. ಎರಡನೆಯ ಸಲ ಮೈಕ್ ಇಡಿ. ‘ನಿಮಗೆ ಹೇಗನ್ನಿಸಿತು?’ ಎಂದು ಕೇಳಿದರೆ ‘ಬಹಳ ಬೇಜಾರಾಯ್ತು’ ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ‘ಊರು ಬಿಟ್ಟ ದಿನ ಬೆಳಿಗ್ಗೆ ಎದ್ದವರು ಏನು ಮಾಡಿದಿರಿ? ಮನೆಯಲ್ಲಿ ಯಾರಿದ್ದರು? ಗಾಡಿಗೆ ಮೊದಲು ಏರಿಸಿದ್ದು ಏನನ್ನು?’ ಎಂದು ಕೇಳಿದರೆ ಅರ್ಧ ಗಂಟೆ ಮಾತು ಹರಿಯುತ್ತದೆ. ಹಳೆಯ ಫೋಟೋ, ಗುರುತಿನ ಚೀಟಿ, ಪಾತ್ರೆ, ಪತ್ರ ಏನಾದರೂ ಕೈಗೆ ಕೊಟ್ಟು ಮಾತಾಡಿಸಿ, ವಸ್ತು ನೆನಪನ್ನು ಕೆರಳಿಸುತ್ತದೆ. ಅವರು ಮೌನವಾದಾಗ ತಕ್ಷಣ ಮುಂದಿನ ಪ್ರಶ್ನೆ ಹಾಕಬೇಡಿ. ಒಳ್ಳೆಯ ಮಾತು ಬರುವುದು ಹೆಚ್ಚಾಗಿ ಆ ಮೌನದ ನಂತರವೇ.

ಹೊರಡುವ ಮುನ್ನ ಆ ಜಾಗದ ಸದ್ದನ್ನು ಒಂದು ನಿಮಿಷ ಪ್ರತ್ಯೇಕವಾಗಿ ರೆಕಾರ್ಡ್ ಮಾಡಿಕೊಳ್ಳಿ. ಕೊಟ್ಟಿಗೆಯ ಗಂಟೆ, ಹಂಚಿನ ಮೇಲೆ ಬೀಳುವ ಮಳೆ, ಬಸ್ ನಿಲ್ದಾಣದ ಕೂಗು, ಏನಿದೆಯೋ ಅದು. ಸಂಕಲನದಲ್ಲಿ ಮಾತುಗಳನ್ನು ಬೆಸೆಯಲು ಅದು ಬೇಕೇ ಬೇಕು. ಅದಕ್ಕಿಂತ ಮುಖ್ಯವಾಗಿ, ಈ ಪಾಡ್‌ಕಾಸ್ಟರ್ ನಿಜವಾಗಿ ಅಲ್ಲಿಗೆ ಹೋಗಿದ್ದರು ಎಂಬುದಕ್ಕೆ ಕೇಳುಗರ ಕಿವಿಗೆ ಸಿಗುವ ಸಾಕ್ಷಿ ಅದೇ. ಸಂಚಿಕೆಯ ಆರಂಭದಲ್ಲಿ ಊರು, ತಿಂಗಳು, ಯಾರ ಮನೆ ಎಂದು ಹೇಳಿಬಿಡಿ.

ನಿಮ್ಮ ಸೀಮೆಯ ದನಿಯಲ್ಲೇ ಮಾತಾಡಿ

1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಬಾನುಲಿ ಕೇಂದ್ರ ಶುರುಮಾಡಿದರು. ಅದಕ್ಕೆ ಇಟ್ಟಿದ್ದ ಆಕಾಶವಾಣಿ ಎಂಬ ಹೆಸರನ್ನು ಮುಂದೆ ಇಡೀ ದೇಶದ ಬಾನುಲಿ ತನ್ನದಾಗಿಸಿಕೊಂಡಿತು. ಮನೆಯಿಂದ ಮಾತಾಡುವ ಸ್ವತಂತ್ರ ದನಿಗೆ ಕನ್ನಡ ನೆಲದಲ್ಲಿ 90 ವರ್ಷದ ಪರಂಪರೆಯಿದೆ ಎಂದಾಯಿತು. ನಂತರದ ದಶಕಗಳಲ್ಲಿ ಬಾನುಲಿಯ ಶಿಷ್ಟ ಕನ್ನಡ ಒಂದು ಮಾದರಿಯಾಗಿ ನಿಂತಿತು, ಅದರ ಘನತೆಯನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ಆದರೆ ಈಗ ಆ ಸಮತಟ್ಟಾದ ಶಿಷ್ಟ ದನಿಯನ್ನೇ ಯಂತ್ರ ಎಲ್ಲಕ್ಕಿಂತ ಸುಲಭವಾಗಿ ನಕಲು ಮಾಡುತ್ತದೆ. ಎಫ್‌ಎಂ ನಿರೂಪಕರ ಕೃತಕ ಉತ್ಸಾಹವೂ ಅಷ್ಟೇ.

ಹಾಗಾಗಿ ಧಾರವಾಡದವರು ಧಾರವಾಡದ ಲಯದಲ್ಲೇ, ಕುಂದಾಪುರದವರು ಕುಂದಗನ್ನಡದಲ್ಲೇ, ಕಲಬುರಗಿಯವರು ತಮ್ಮ ಉರ್ದು ಬೆರೆತ ಕನ್ನಡದಲ್ಲೇ, ಚಾಮರಾಜನಗರದವರು ತಮ್ಮ ನುಡಿಯಲ್ಲೇ ಮಾತಾಡಲಿ. ಬೇರೆ ಸೀಮೆಯವರಿಗೆ ಅರ್ಥವಾಗದು ಎಂಬ ಹೆದರಿಕೆ ಬೇಡ. ಸಿನಿಮಾ, ನಾಟಕ, ರೀಲ್ಸ್‌ಗಳಲ್ಲಿ ಎಲ್ಲ ಸೀಮೆಯ ಕನ್ನಡ ಕೇಳಿ ಕನ್ನಡಿಗರ ಕಿವಿ ಈಗ ಪಳಗಿದೆ. ಎಲ್ಲೋ ಒಂದೆರಡು ಕಡೆ ಅರ್ಥ ಬಿಡಿಸಿ ಹೇಳಿದರೆ ಸಾಕು.

ಪೂರ್ತಿ ಬರೆದುಕೊಂಡು ಓದುವ ಅಭ್ಯಾಸ ಬಿಡಿ. ಬರವಣಿಗೆಯ ಕನ್ನಡ ಬಾಯಿಗೆ ಬಂದೊಡನೆ ಮಾತು ಬಿಗಿಯಾಗುತ್ತದೆ. ಒಂದು ಹಾಳೆಯಲ್ಲಿ ಹೆಸರು, ಇಸವಿ, ಹೇಳಬೇಕಾದ ಘಟನೆಗಳ ಅನುಕ್ರಮ ಇಷ್ಟೇ ಗುರುತು ಹಾಕಿಕೊಂಡು ಎದುರಿಗೊಬ್ಬರು ಕೂತಿದ್ದಾರೆ ಎಂದು ಭಾವಿಸಿ ಹೇಳಿ. ನಿಜವಾಗಿಯೂ ಒಬ್ಬರನ್ನು ಕೂರಿಸಿಕೊಂಡರೆ ಇನ್ನೂ ಒಳ್ಳೆಯದು. ಆರಂಭ ಮತ್ತು ಮುಕ್ತಾಯದ ಒಂದೆರಡು ವಾಕ್ಯಗಳನ್ನು ಮಾತ್ರ ಬರೆದುಕೊಳ್ಳಬಹುದು.

ಇಬ್ಬರು ಸೇರಿ ನಡೆಸುವ ಪಾಡ್‌ಕಾಸ್ಟ್ ಆದರೆ ಇನ್ನೊಂದು ಮಾತು. ಯಂತ್ರ ಸೃಷ್ಟಿಸುವ ಜೋಡಿ ನಿರೂಪಕರನ್ನು ಗಮನವಿಟ್ಟು ಕೇಳಿ. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ತಲೆಯಾಡಿಸುತ್ತಲೇ ಇರುತ್ತಾರೆ. ಹಳೆಯ ಜಗಳವಿಲ್ಲ, ಹಳೆಯ ಗೆಳೆತನವಿಲ್ಲ, ಕಳೆದ ತಿಂಗಳ ಸಂಚಿಕೆಯಲ್ಲಿ ನೀನು ಬೇರೆ ಹೇಳಿದ್ದೆಯಲ್ಲ ಎಂಬ ತಕರಾರಿಲ್ಲ. 2018ರಲ್ಲಿ ಶುರುವಾದ ‘ತಲೆ-ಹರಟೆ’ ಕನ್ನಡ ಪಾಡ್‌ಕಾಸ್ಟ್ ಕೇಳುಗರನ್ನು ಹಿಡಿದದ್ದು ಗಂಭೀರ ವಿಷಯಗಳನ್ನೂ ಗೆಳೆಯರು ದಿನನಿತ್ಯದ ಕನ್ನಡದಲ್ಲಿ ಮಾತಾಡಿಕೊಂಡ ಧಾಟಿಯಿಂದ. ನಿಮ್ಮ ಜೊತೆಗಾರರ ಮಾತು ಒಪ್ಪಿಗೆಯಾಗದಿದ್ದರೆ ಮೈಕ್ ಮುಂದೆಯೇ ಹೇಳಿ. ಪ್ರಾಮಾಣಿಕ ಭಿನ್ನಾಭಿಪ್ರಾಯ ಕೇಳುಗರಿಗೆ ಬಹಳ ಹಿಡಿಸುತ್ತದೆ.

ತಾಂತ್ರಿಕ ಗುಣಮಟ್ಟದ ವಿಷಯದಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ. ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ಕಂಡೆನ್ಸರ್ ಮೈಕ್‌ಗಿಂತ ಡೈನಮಿಕ್ ಮೈಕ್ ವಾಸಿ. ಬೀದಿಯ ಹಾರ್ನು, ಪಕ್ಕದ ಮನೆಯ ಮಿಕ್ಸಿ ಅದಕ್ಕೆ ಕಡಿಮೆ ಕೇಳಿಸುತ್ತವೆ. ಸ್ಯಾಮ್ಸನ್ ಕ್ಯೂ2ಯು ತರಹದ ಮೈಕ್ ಯುಎಸ್‌ಬಿ, ಎಕ್ಸ್‌ಎಲ್‌ಆರ್ ಎರಡಕ್ಕೂ ಹೊಂದುತ್ತದೆ, ಹಾಗಾಗಿ ಮುಂದೆ ಸಲಕರಣೆ ಹೆಚ್ಚಿಸಿಕೊಂಡರೂ ಉಪಯೋಗಕ್ಕೆ ಬರುತ್ತದೆ. ಬಾಯಿಗೂ ಮೈಕ್‌ಗೂ ನಾಲ್ಕೈದು ಬೆರಳಿನ ಅಂತರವಿರಲಿ, ಫ್ಯಾನ್ ಆರಿಸಿ, ಬರಿ ಗೋಡೆಯ ಕೋಣೆಗಿಂತ ಬಟ್ಟೆಬರೆ, ಹಾಸಿಗೆ ಇರುವ ಕೋಣೆ ಆರಿಸಿಕೊಳ್ಳಿ. ಹೊರಾಂಗಣಕ್ಕೆ ಝೂಮ್ ಎಚ್1 ಎಸೆನ್ಷಿಯಲ್‌ನಂಥ 32 ಬಿಟ್ ಫ್ಲೋಟ್ ರೆಕಾರ್ಡರ್ ಇದ್ದರೆ ದನಿಯ ಮಟ್ಟ ಹೊಂದಿಸುವ ತಲೆನೋವಿಲ್ಲ. ಅದಿಲ್ಲದಿದ್ದರೆ ಫೋನಿಗೆ ಒಂದು ಕಾಲರ್ ಮೈಕ್ ಸಿಕ್ಕಿಸಿದರೂ ನಡೆಯುತ್ತದೆ. ಸಂಕಲನಕ್ಕೆ ಆಡಾಸಿಟಿ ಉಚಿತವಾಗಿ ಸಿಗುತ್ತದೆ. ಕೊನೆಯ ಕಡತದ ಧ್ವನಿಮಟ್ಟ ಆ್ಯಪಲ್ ಸೂಚಿಸುವಂತೆ ಮೈನಸ್ 16 ಎಲ್‌ಯುಎಫ್‌ಎಸ್ ಆಸುಪಾಸಿನಲ್ಲಿರಲಿ.

ಗದ್ದಲ ತೆಗೆಯುವ ಎಐ ಸಾಧನಗಳನ್ನು ಮಾತ್ರ ಹಿತಮಿತವಾಗಿ ಬಳಸಿ. ಗುಂಡಿ ಒತ್ತಿದರೆ ಉಸಿರು, ತಡವರಿಕೆ, ಕೋಣೆಯ ಗುಂಗು ಎಲ್ಲವೂ ಮಾಯವಾಗುತ್ತವೆ. ಹಾಗೆ ತಿಕ್ಕಿ ತೊಳೆದ ದನಿ ಅತಿಯಾಗಿ ಪಾಲಿಶ್ ಮಾಡಿದ ಅಕ್ಕಿಯಂತೆ, ನೋಡಲು ಬಿಳಿ, ಒಳಗೆ ಸತ್ವವಿಲ್ಲ. ಮನುಷ್ಯರ ದನಿಯೇ ಯಂತ್ರದ್ದೆಂದು ಅನುಮಾನ ಹುಟ್ಟಿಸುವ ಕಾಲದಲ್ಲಿ ನಿಮ್ಮ ಉಸಿರನ್ನು ಅಳಿಸಿಹಾಕುವುದು ಅವಿವೇಕ. ಮಾತು ಸ್ಪಷ್ಟವಾಗಿ ಕೇಳಿಸುವಷ್ಟು ಸ್ವಚ್ಛಗೊಳಿಸಿ, ಅಲ್ಲಿಗೆ ನಿಲ್ಲಿಸಿ.

ಸಂಖ್ಯೆ ಇಳಿಸಿ, ಆಳ ಹೆಚ್ಚಿಸಿ

ವಾರಕ್ಕೆರಡು ಸಂಚಿಕೆ ಹಾಕದಿದ್ದರೆ ಕೇಳುಗರು ಮರೆಯುತ್ತಾರೆ ಎಂಬ ಉಪದೇಶ ಬಹಳ ಜನರನ್ನು ದಣಿಸಿದೆ. ಅಮೆರಿಕದ ಡ್ಯಾನ್ ಕಾರ್ಲಿನ್ 2006ರಿಂದ ‘ಹಾರ್ಡ್‌ಕೋರ್ ಹಿಸ್ಟರಿ’ ನಡೆಸುತ್ತಿದ್ದಾರೆ. ವರ್ಷಕ್ಕೆ ಬರುವುದು ಬೆರಳೆಣಿಕೆಯ ಸಂಚಿಕೆಗಳು, ಒಂದೊಂದೂ ಗಂಟೆಗಟ್ಟಲೆ. ಕೇಳುಗರು ತಿಂಗಳುಗಟ್ಟಲೆ ಕಾಯುತ್ತಾರೆ. ನಮ್ಮ ದೇಶದಲ್ಲೇ ಅಮಿತ್ ವರ್ಮಾ 2017ರಲ್ಲಿ ಶುರುಮಾಡಿದ ‘ದ ಸೀನ್ ಆ್ಯಂಡ್ ದಿ ಅನ್‌ಸೀನ್’ ಮೊದಲಿಗೆ ಚಿಕ್ಕ ಸಂಚಿಕೆಗಳದ್ದಾಗಿತ್ತು. ಬರಬರುತ್ತ ಒಬ್ಬ ಅತಿಥಿಯ ಜೊತೆ ಐದು ಗಂಟೆ ದಾಟುವ ಸಂಭಾಷಣೆಗಳು ಬಂದವು, ಅದಕ್ಕಾಗಿಯೇ ಅದು ಹೆಸರಾಯಿತು. ಬಾಲ್ಯದಿಂದ ಹಿಡಿದು ಓದು, ಗೆಳೆತನ, ವೃತ್ತಿ ಎಲ್ಲವನ್ನೂ ಅವಸರವಿಲ್ಲದೆ ಕೇಳುವ ಆ ಬಗೆ, ಅತಿಥಿ ಬೇರೆ ಸಂದರ್ಶನಗಳಲ್ಲಿ ಹೇಳಿದ್ದನ್ನೇ ಮತ್ತೆ ಹೇಳಲು ಬಿಡುವುದಿಲ್ಲ.

ಎಲ್ಲರೂ ಐದು ಗಂಟೆ ಮಾತಾಡಬೇಕಿಲ್ಲ. ತಿಂಗಳಿಗೊಂದು ಸಂಚಿಕೆ ಮಾಡಿದರೂ ಸರಿ, ಅದಕ್ಕೆ ಮೂರು ವಾರದ ಓಡಾಟ, ಓದು ಇರಲಿ. ಅತಿಥಿಯ ಪುಸ್ತಕವನ್ನು ಪೂರ್ತಿ ಓದಿ ಬಂದವರಿಗೂ ಹಿಂಬದಿಯ ಪುಟ ಮಾತ್ರ ನೋಡಿ ಬಂದವರಿಗೂ ಇರುವ ವ್ಯತ್ಯಾಸ ಮೊದಲ ಪ್ರಶ್ನೆಯಲ್ಲೇ ತಿಳಿಯುತ್ತದೆ. ಇಲ್ಲವಾದರೆ ಋತುಗಳ ಮಾದರಿ ಹಿಡಿಯಿರಿ: ಒಂದೇ ವಿಷಯದ ಮೇಲೆ ಆರೋ ಎಂಟೋ ಸಂಚಿಕೆ, ಆಮೇಲೆ ಬಿಡುವು, ಮತ್ತೆ ಹೊಸ ವಿಷಯ. ಹೊರಗಿನ ಕೆಲಸದ ಜೊತೆ ಪಾಡ್‌ಕಾಸ್ಟ್ ನಡೆಸುವವರಿಗೆ ಇದು ಅತ್ಯಂತ ಹೊಂದುವ ಕ್ರಮ.

ಎಐ ಬಳಸಬಾರದೇ?

ಬಳಸಿ, ಆದರೆ ಗೆರೆ ಎಲ್ಲಿ ಎಂದು ಮೊದಲೇ ನಿರ್ಧರಿಸಿ. ಕೇಳುಗರ ಕಿವಿಗೆ ಬೀಳದ ಕೆಲಸಕ್ಕೆ ಯಂತ್ರ, ಕಿವಿಗೆ ಬೀಳುವುದೆಲ್ಲ ಮನುಷ್ಯರದ್ದು ಎಂಬುದು ನಾನು ಒಪ್ಪುವ ಗೆರೆ. ಕಡತಗಳ ವಿಂಗಡಣೆ, ರೆಕಾರ್ಡಿಂಗಿನಲ್ಲಿ ಬೇಕಾದ ಭಾಗ ಹುಡುಕುವುದು, ವಿವರಣೆಯ ಮೊದಲ ಕರಡು ಇವಕ್ಕೆಲ್ಲ ಅದು ನೆರವಾಗುತ್ತದೆ. ಓಪನ್‌ಎಐ 2022ರ ಸೆಪ್ಟೆಂಬರ್‌ನಲ್ಲಿ ಮುಕ್ತವಾಗಿ ಬಿಟ್ಟ ವಿಸ್ಪರ್ ಕನ್ನಡ ಮಾತನ್ನೂ ಪಠ್ಯವಾಗಿಸುತ್ತದೆ, ಆದರೆ ಇಂಗ್ಲಿಷಿನಷ್ಟು ನಿಖರವಾಗಿ ಅಲ್ಲ. ಊರ ಹೆಸರು, ಮನೆತನದ ಹೆಸರು, ಆಡುನುಡಿ ಬಂದಲ್ಲಿ ತಪ್ಪುತ್ತದೆ. ಕೈಯಿಂದ ತಿದ್ದದೆ ಅದನ್ನು ಹೊರಗೆ ಬಿಡಬೇಡಿ. ಅಂಕಿ ಅಂಶ, ಇಸವಿ, ಉಲ್ಲೇಖಗಳಿಗೆ ಎಐ ಉತ್ತರವನ್ನು ನಂಬಿ ಮೈಕ್ ಮುಂದೆ ಹೇಳಲೇಬೇಡಿ. ಮೂಲ ಪುಸ್ತಕವೋ ದಾಖಲೆಯೋ ಕೈಯಲ್ಲಿರಲಿ.

ಕೃತಕ ದನಿಯನ್ನು ಎಲ್ಲಾದರೂ ಬಳಸಿದರೆ ಕೇಳುಗರಿಗೆ ಬಾಯಿಬಿಟ್ಟು ಹೇಳಿ. ಯೂಟ್ಯೂಬ್ 2024ರ ಮಾರ್ಚ್‌ನಿಂದಲೇ ನೈಜವೆಂದು ತೋರುವ ಕೃತಕ ದೃಶ್ಯ, ಧ್ವನಿಗಳನ್ನು ಘೋಷಿಸಬೇಕೆಂದು ಕೇಳುತ್ತಿದೆ. 2025ರ ಜುಲೈ 15ರಿಂದ, ಸಾರಾಸಗಟಾಗಿ ತಯಾರಾಗುವ, ಒಂದರಂತೆ ಇನ್ನೊಂದಿರುವ ವಿಡಿಯೋಗಳಿಗೆ ಹಣ ಕೊಡುವುದಿಲ್ಲ ಎಂಬ ನಿಯಮವನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. ಕೇಂದ್ರ ಸರ್ಕಾರವೂ 2026ರ ಫೆಬ್ರುವರಿಯಲ್ಲಿ ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ ತಂದ ತಿದ್ದುಪಡಿಯಲ್ಲಿ ಇಂಥವಕ್ಕೆ ಗುರುತು ಹಚ್ಚುವುದನ್ನು ಕಡ್ಡಾಯ ಮಾಡಿದೆ. ಸದುದ್ದೇಶದ ಮಾಮೂಲಿ ಸಂಕಲನ, ಗದ್ದಲ ನಿವಾರಣೆಗೆ ಅದು ಅನ್ವಯವಾಗದು.

ನಿಮ್ಮ ದನಿಯೂ ನಿಮ್ಮ ಅತಿಥಿಯ ದನಿಯೂ ನಕಲಾಗಬಹುದು ಎಂಬುದನ್ನು ಮರೆಯಬೇಡಿ. ಗಾಯಕ ಅರಿಜಿತ್ ಸಿಂಗ್ ದನಿಯನ್ನು ಎಐ ಮೂಲಕ ಅನುಕರಿಸುತ್ತಿದ್ದವರ ವಿರುದ್ಧ 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಪ್ರಸಿದ್ಧರಿಗೆ ವಕೀಲರಿದ್ದಾರೆ, ಹಳ್ಳಿಯ ಅಜ್ಜಿಗೆ ಇಲ್ಲ. ಆದ್ದರಿಂದ ರೆಕಾರ್ಡ್ ಮಾಡುವ ಮುನ್ನ ಸರಳ ಕನ್ನಡದಲ್ಲಿ ಒಂದು ಪುಟದ ಒಪ್ಪಿಗೆ ಪತ್ರ ಮಾಡಿಕೊಳ್ಳಿ: ಈ ದನಿಯನ್ನು ಪಾಡ್‌ಕಾಸ್ಟಿಗೆ ಮಾತ್ರ ಬಳಸುತ್ತೇನೆ, ಕೃತಕ ದನಿ ಮಾಡಲು ಯಾರಿಗೂ ಕೊಡುವುದಿಲ್ಲ, ಬೇಡವೆಂದರೆ ತೆಗೆದುಹಾಕುತ್ತೇನೆ. ಓದಲು ಬಾರದವರಿಗೆ ಅದನ್ನು ಓದಿ ಹೇಳಿ, ಅವರ ಒಪ್ಪಿಗೆಯನ್ನು ದನಿಯಲ್ಲೇ ದಾಖಲಿಸಿ.

ಹುಡುಕಿದವರಿಗೆ ಸಿಗಬೇಕಲ್ಲ

ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪನ್ನು 2024ರಲ್ಲಿ ಮುಚ್ಚಿತು. ಅದರಲ್ಲೇ ಕೇಳುಗರನ್ನು ನೆಚ್ಚಿದ್ದವರು ಅವರನ್ನು ಬೇರೆಡೆ ಹುಡುಕಬೇಕಾಯಿತು. ವೇದಿಕೆ ಯಾವುದಾದರೂ ಆಗಲಿ, ಸಂಚಿಕೆಗಳನ್ನು ಆ್ಯಪ್‌ಗಳಿಗೆ ತಲುಪಿಸುವ ಆರ್‌ಎಸ್‌ಎಸ್ ಫೀಡ್ ನಿಮ್ಮ ಹಿಡಿತದಲ್ಲಿರಲಿ, ಬೇರೆ ಹೋಸ್ಟಿಂಗ್ ಸೇವೆಗೆ ಒಯ್ಯಲು ಬರುವಂತಿರಲಿ. ಮೂಲ ರೆಕಾರ್ಡಿಂಗಿನ ಪ್ರತಿಗಳು ಕನಿಷ್ಠ ಎರಡು ಕಡೆ ಇರಲಿ. ಜೊತೆಗೆ ವಾಟ್ಸ್‌ಆ್ಯಪ್ ಚಾನೆಲ್ಲೋ ಇಮೇಲ್ ಪಟ್ಟಿಯೋ ಕೇಳುಗರನ್ನು ನೇರವಾಗಿ ತಲುಪುವ ಒಂದು ದಾರಿ ಇಟ್ಟುಕೊಳ್ಳಿ.

ಆ್ಯಪಲ್ ಪಾಡ್‌ಕಾಸ್ಟ್ಸ್ 2024ರ ಮಾರ್ಚ್‌ನಲ್ಲಿ ತಾನಾಗಿ ಪಠ್ಯ ತೋರಿಸುವ ಸೌಲಭ್ಯ ತಂದಾಗ ಇದ್ದದ್ದು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಈ ನಾಲ್ಕು ಭಾಷೆಗಳು. ಕನ್ನಡಕ್ಕೆ ಆ ಕೆಲಸ ನಾವೇ ಮಾಡಿಕೊಳ್ಳಬೇಕು. ಶೀರ್ಷಿಕೆ, ವಿವರಣೆ ಕನ್ನಡ ಲಿಪಿಯಲ್ಲಿರಲಿ. ಬಹಳ ಕನ್ನಡಿಗರು ಇಂಗ್ಲಿಷ್ ಅಕ್ಷರಗಳಲ್ಲೇ ಹುಡುಕುವುದರಿಂದ ಕಾರ್ಯಕ್ರಮದ ಹೆಸರು, ಅತಿಥಿಯ ಹೆಸರು ಆ ಅಕ್ಷರಗಳಲ್ಲೂ ಒಮ್ಮೆ ಬರಲಿ. ಪ್ರತಿ ಸಂಚಿಕೆಗೂ ಮುನ್ನೂರು ನಾನೂರು ಪದಗಳ ಒಂದು ಸ್ವಂತ ಟಿಪ್ಪಣಿ ಬರೆದು ಊರು, ವ್ಯಕ್ತಿ, ಪುಸ್ತಕಗಳ ಹೆಸರು ಸೇರಿಸಿ. ನೀವು ಯಾರು, ಎಲ್ಲಿಯವರು, ಈ ವಿಷಯ ನಿಮಗೇಕೆ ಬೇಕು ಎಂಬ ಪರಿಚಯವೂ ಫೋಟೋ ಸಮೇತ ಇರಲಿ. ಮುಖವಿಲ್ಲದ ದನಿಗಳ ನಡುವೆ ಕೇಳುಗರು ಮೊದಲು ನೋಡುವುದು ಅದನ್ನೇ.

ಕಥೆ ಓದುವ ಪಾಡ್‌ಕಾಸ್ಟ್ ಮಾಡುವವರಿಗೆ ಹಕ್ಕುಸ್ವಾಮ್ಯದ ಅರಿವು ಬೇಕು. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಪಂಜೆ ಮಂಗೇಶರಾಯರು 1937ರಲ್ಲಿ, ಗಳಗನಾಥರು 1942ರಲ್ಲಿ, ಕೈಲಾಸಂ 1946ರಲ್ಲಿ ತೀರಿಕೊಂಡರು. ಅವರ ಬರಹಗಳನ್ನು ಯಾರನ್ನೂ ಕೇಳದೆ ಓದಬಹುದು. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕೃತಿಗಳಿಗೆ 2041ರ ಕೊನೆಯವರೆಗೂ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳಿಗೆ 2054ರ ಕೊನೆಯವರೆಗೂ ಅನುಮತಿ ಬೇಕು. ಹಿನ್ನೆಲೆಗೆ ಸಿನಿಮಾ ಹಾಡು ಹಾಕುವ ಆಸೆ ಬಿಡಿ. ಊರಿನ ಗೆಳೆಯರೊಬ್ಬರ ಕೊಳಲೋ ತಮಟೆಯೋ ಅವರ ಒಪ್ಪಿಗೆ ಪಡೆದು ಬಳಸಿದರೆ ಅದು ನಿಮ್ಮದೇ ಗುರುತಾಗುತ್ತದೆ. ಕೈಲಾಸಂ ನಾಟಕವನ್ನು ನಾಲ್ವರು ಹವ್ಯಾಸಿ ನಟರು ಕೂತು ಓದಿದ್ದನ್ನು ಕೇಳಿದರೆ, ಅದೇ ಪಠ್ಯವನ್ನು ಯಂತ್ರ ಓದಿದ್ದು ಎಷ್ಟು ಬರಿದು ಎಂದು ಯಾರಿಗೂ ಹೇಳಿಕೊಡಬೇಕಿಲ್ಲ.

ಯಶಸ್ಸನ್ನು ಡೌನ್‌ಲೋಡ್ ಲೆಕ್ಕದಿಂದ ಅಳೆಯಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ಐಒಎಸ್ 17 ತಾನಾಗಿ ಡೌನ್‌ಲೋಡ್ ಮಾಡುವ ಕ್ರಮ ಬದಲಿಸಿದಾಗ ದೊಡ್ಡ ದೊಡ್ಡ ಪಾಡ್‌ಕಾಸ್ಟ್‌ಗಳ ಸಂಖ್ಯೆಯೇ ಇಳಿಯಿತು. ಕೇಳದೆ ಬಿದ್ದಿದ್ದ ಕಡತಗಳೂ ಅಲ್ಲಿಯವರೆಗೆ ಲೆಕ್ಕಕ್ಕೆ ಸೇರುತ್ತಿದ್ದವು. ಎಷ್ಟು ಜನ ಕೊನೆಯವರೆಗೂ ಕೇಳಿದರು, ಎಷ್ಟು ಜನ ಪತ್ರ ಬರೆದರು, ಯಾರು ‘ನಮ್ಮೂರಿಗೂ ಬನ್ನಿ, ಹೇಳುವವರಿದ್ದಾರೆ’ ಎಂದರು ಎಂಬುದನ್ನು ಗಮನಿಸಿ. ನಿಮ್ಮ ಮುಂದಿನ ಸಂಚಿಕೆ ಸಿಗುವುದೂ ಆ ಪತ್ರಗಳಲ್ಲೇ.

ಹಣದ ವಿಷಯದಲ್ಲಿ ಜಾಹೀರಾತು ನೆಚ್ಚಿದರೆ ನಿರಾಸೆ ಖಚಿತ. ಕನ್ನಡದ ಸ್ವತಂತ್ರ ಪಾಡ್‌ಕಾಸ್ಟಿಗೆ ಕೇಳುಗರ ನೇರ ಬೆಂಬಲವೇ ಸರಿಯಾದ ದಾರಿ. ಸಂಚಿಕೆಯ ಕೊನೆಯಲ್ಲಿ ಯುಪಿಐ ಮೂಲಕ ಸಹಾಯ ಕೇಳಲು ಸಂಕೋಚ ಬೇಡ, ಬಂದ ಹಣ ಯಾವುದಕ್ಕೆ ಖರ್ಚಾಯಿತು ಎಂದು ವರ್ಷಕ್ಕೊಮ್ಮೆ ಹೇಳಿ. ಪ್ರಯಾಣ ವೆಚ್ಚವೇ ದೊಡ್ಡದಾದ್ದರಿಂದ ಕನ್ನಡ ಸಂಘಗಳು, ವಿದೇಶದ ಕನ್ನಡ ಕೂಟಗಳು ಒಂದು ಸರಣಿಯ ಖರ್ಚು ವಹಿಸಿಕೊಳ್ಳಲು ಮುಂದೆ ಬರಬಹುದು. ಕೇಳಿ ನೋಡಿ.

ಹೊಸದಾಗಿ ಶುರುಮಾಡುವವರು ಒಳ್ಳೆಯ ಮೈಕ್ ಬರಲಿ, ಲೋಗೋ ಆಗಲಿ, ಹೆಸರು ಹೊಳೆಯಲಿ ಎಂದು ಕಾಯಬೇಡಿ. ನಿಮ್ಮ ಊರಿನಲ್ಲಿ, ನಿಮ್ಮ ಬೀದಿಯಲ್ಲಿ, ನಿಮ್ಮ ಮನೆಯಲ್ಲೇ ಎಂಬತ್ತು ದಾಟಿದವರು ಯಾರಿದ್ದಾರೆ ನೋಡಿ. ಇರುವ ಫೋನನ್ನೇ ತೆಗೆದುಕೊಂಡು ಈ ತಿಂಗಳು ಮುಗಿಯುವುದರೊಳಗೆ ಅವರ ಒಪ್ಪಿಗೆ ಕೇಳಿ, ಒಂದು ಗಂಟೆಯ ಮಾತು ಹಿಡಿದಿಟ್ಟುಕೊಳ್ಳಿ. ಪಾಡ್‌ಕಾಸ್ಟ್ ಆಮೇಲೆ ಮಾಡಿದರೂ ಆದೀತು. ಒಂದು ಪ್ರತಿಯನ್ನು ತಪ್ಪದೆ ಅವರ ಮನೆಯವರಿಗೆ ಕೊಡಿ.